ಕ್ಯಾಟಲಾಗಿನಲ್ಲಿ ಸಿಗದ ಕುವೆಂಪು
ಓದುಗರ ಪ್ರಶ್ನೆಗಳಿಗೆ ನಿವೃತ್ತ ಗ್ರಂಥಪಾಲಕರೊಬ್ಬರ ಉತ್ತರ

ಈ ಸಲ ಬಂದಿರುವ ಪತ್ರಗಳೆಲ್ಲ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಸಂಬಂಧಿಸಿದವು. ಹೆಸರು ಹಾಕಬೇಡಿ ಎಂದು ಮೂವರು ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸುಮಾರು 11,000 ಕನ್ನಡ ಪುಸ್ತಕಗಳಿವೆ. ಹತ್ತು ವರ್ಷಗಳ ಹಿಂದೆ ಹೊರಗಿನವರಿಗೆ ಗುತ್ತಿಗೆ ಕೊಟ್ಟು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಲಾಯಿತು. ಕಳೆದ ವರ್ಷ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ಬದಲಾದೆವು. ಈಗ ‘ಕುವೆಂಪು’ ಎಂದು ಹುಡುಕಿದರೆ ನಾಲ್ಕೇ ಪುಸ್ತಕ ತೋರಿಸುತ್ತದೆ. ಕಪಾಟಿನಲ್ಲಿ ಅರವತ್ತಕ್ಕೂ ಹೆಚ್ಚಿವೆ. ಕೋಹಾದಲ್ಲಿ ಕನ್ನಡ ನಡೆಯುವುದಿಲ್ಲ ಎಂದು ಪ್ರಾಂಶುಪಾಲರು ತೀರ್ಮಾನಿಸಿಬಿಟ್ಟಿದ್ದಾರೆ. ಇದು ನಿಜವೇ?
– ಸಹಾಯಕ ಗ್ರಂಥಪಾಲಕಿ, ಹಾವೇರಿ ಜಿಲ್ಲೆ

ಉತ್ತರ: ನಿಜವಲ್ಲ. ಕೋಹಾ ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಾಗಿ ಸಿದ್ಧವಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ತಂತ್ರಾಂಶ. ಮಾವೊರಿ ಭಾಷೆಯಲ್ಲಿ ಆ ಹೆಸರಿಗೆ ಉಡುಗೊರೆ ಎಂದರ್ಥ. ಹುಟ್ಟಿದ್ದು ಎಲ್ಲೇ ಆದರೂ ಅದು, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿರುವ ಲಿಪಿಗಳನ್ನು ಒಪ್ಪಿಕೊಳ್ಳುತ್ತದೆ, ಮತ್ತು ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿದೆ. ತೊಂದರೆ ಇರುವುದು ಗುತ್ತಿಗೆದಾರರು ಏರಿಸಿಕೊಟ್ಟ ದತ್ತಾಂಶದಲ್ಲಿ ಎಂಬುದು ನನ್ನ ಬಲವಾದ ಅನುಮಾನ.

ಹುಡುಕಿದಾಗ ಸಿಗದ ಪುಸ್ತಕವೊಂದನ್ನು ಕಪಾಟಿನಿಂದ ತೆಗೆದು, ಅದರ ಆಕ್ಸೆಷನ್ ಸಂಖ್ಯೆಯಿಂದ, ಅಂದರೆ ಗ್ರಂಥಾಲಯಕ್ಕೆ ಸೇರಿದಾಗ ಪುಸ್ತಕಕ್ಕೆ ಕೊಟ್ಟ ದಾಖಲೆ ಸಂಖ್ಯೆಯಿಂದ, ನಮೂದನ್ನು ತೆರೆಯಿರಿ. ಶೀರ್ಷಿಕೆಯಲ್ಲಿ ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ನಡುವೆ ಬ್ರಿಟಿಷರ ಪೌಂಡ್ ಹಣದ ಚಿಹ್ನೆ ಇತ್ಯಾದಿ ಕಂಡರೆ, ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದು ಎಂದು ತಿಳಿಯಿರಿ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರವನ್ನು ತೊಡಿಸುತ್ತಿದ್ದವು. ಫಾಂಟನ್ನು ಕಳಚಿದರೆ ಒಳಗಿನದು ಹೊರಬೀಳುತ್ತದೆ. ಇದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಎಲ್ಲ ಕಾಲಮ್ಮುಗಳನ್ನೂ ಒಟ್ಟಿಗೆ ಅದರೊಳಗೆ ಸುರಿಯಬೇಡಿ. ಪ್ರಕಾಶಕರ ಹೆಸರೋ ಮಾಲಿಕೆಯ ಹೆಸರೋ ನಿಜವಾದ ಇಂಗ್ಲಿಷಿನಲ್ಲಿದ್ದರೆ, ಪರಿವರ್ತಕವು ಅದನ್ನೂ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳ ರಾಶಿಯನ್ನಾಗಿ ಮಾಡಿಬಿಡುತ್ತದೆ. ಇಂಗ್ಲಿಷ್ ಕಾಲಮ್ಮುಗಳನ್ನು ಮೊದಲೇ ಬೇರ್ಪಡಿಸಿ, ಕನ್ನಡದವನ್ನು ಮಾತ್ರ ಬದಲಿಸಿ, ಅನಂತರ ಜೋಡಿಸಿರಿ. ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿನಿಂದ ನೋಡಿಯೇ ತೀರಬೇಕು.

ಇನ್ನೊಂದು ಸಾಧ್ಯತೆಯಿದೆ, ಮತ್ತು ನಾನು ಹೆಚ್ಚು ಕಾಲ ಕಳೆದದ್ದು ಇದರ ಜೊತೆಯಲ್ಲೇ. ಪರದೆಯ ಮೇಲೆ ಕನ್ನಡ ಸೊಗಸಾಗಿ ಕಾಣುತ್ತದೆ, ಆದರೂ ಹುಡುಕಿದರೆ ಸಿಗುವುದಿಲ್ಲ. ಈ ಎರಡು ಪದಗಳನ್ನು ನೋಡಿ: ಕುವೆಂಪು, ಕುವೆ೦ಪು. ಇವುಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ಕನ್ನಡಕ ಬದಲಿಸಬೇಕಾಗಿಲ್ಲ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಅದರ ಜಾಗದಲ್ಲಿ ಕೂತಿರುವುದು ಕನ್ನಡದ ಸೊನ್ನೆ ಅಂಕಿ. ಅನುಸ್ವಾರವನ್ನು ನಾವೆಲ್ಲ ಬಾಯಿಮಾತಿನಲ್ಲಿ ಸೊನ್ನೆ ಎಂದೇ ಕರೆಯುತ್ತೇವಷ್ಟೆ. ಡಾಟಾ ಎಂಟ್ರಿಯ ಹುಡುಗರು ಅದನ್ನು ಅಕ್ಷರಶಃ ಪಾಲಿಸಿರುತ್ತಾರೆ. ಮನುಷ್ಯರಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆ. ಇಡೀ ದತ್ತಾಂಶದಲ್ಲಿ ಸೊನ್ನೆಯನ್ನು ಅನುಸ್ವಾರವಾಗಿ ಬದಲಿಸುವಂತೆ ಆಜ್ಞೆ ಕೊಡುವ ಮೊದಲು ಒಂದು ಎಚ್ಚರಿಕೆ: ೧೯೬೦ ಎಂಬಂಥ ಇಸವಿಗಳಲ್ಲಿರುವುದು ನಿಜವಾದ ಸೊನ್ನೆ. ಆದ್ದರಿಂದ ಅಕ್ಷರ ಅಥವಾ ಗುಣಿತ ಚಿಹ್ನೆಯ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ಬದಲಿಸಬೇಕು. ಇದೇ ಜಾತಿಗೆ ಸೇರಿದ್ದು ‘ಸೂರ್ಯ’ ಮತ್ತು ‘ಸೂರ‍್ಯ’ ಎಂಬ ಎರಡು ಬರಹ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದು ಅಡಗಿರುತ್ತದೆ, ಮತ್ತು ಅದನ್ನು ಅಲಕ್ಷಿಸುವಂತೆ ಹೇಳದ ಹೊರತು ಯಂತ್ರವು ಇವೆರಡನ್ನು ಒಂದೇ ಪದವೆಂದು ಒಪ್ಪದಿರಬಹುದು.

ಇದನ್ನೆಲ್ಲ ಸರಿಪಡಿಸಿದ ಮೇಲೂ ಅರವತ್ತು ಸಿಗುವುದಿಲ್ಲ. ಏಕೆಂದರೆ ಕೆಲವು ಪುಸ್ತಕಗಳ ನಮೂದಿನಲ್ಲಿ ‘ಕುವೆಂಪು’ ಎಂದಿರುತ್ತದೆ, ಕೆಲವದರಲ್ಲಿ ‘ಕೆ.ವಿ. ಪುಟ್ಟಪ್ಪ’ ಎಂದಿರುತ್ತದೆ, ಇನ್ನು ಕೆಲವದರಲ್ಲಿ ‘ಪುಟ್ಟಪ್ಪ, ಕೆ. ವಿ.’ ಎಂದು ನಡುವೆ ಜಾಗ ಬಿಟ್ಟು ಬರೆದಿರುತ್ತದೆ. ಬೇಂದ್ರೆ ಮತ್ತು ಅಂಬಿಕಾತನಯದತ್ತ, ಮಾಸ್ತಿ ಮತ್ತು ಶ್ರೀನಿವಾಸ, ಹೀಗೆ ಕಾವ್ಯನಾಮಗಳಿಲ್ಲದ ಕನ್ನಡ ಕಪಾಟೇ ಇಲ್ಲ. ಕೋಹಾದಲ್ಲಿ ಅಥಾರಿಟಿ ನಮೂದು ಎಂಬ ಅನುಕೂಲವಿದೆ. ಅಲ್ಲಿ ಒಪ್ಪಿದ ಹೆಸರನ್ನು 100ರ ಸಾಲಿನಲ್ಲೂ ಉಳಿದ ರೂಪಗಳನ್ನು 400ರ ಸಾಲುಗಳಲ್ಲೂ ಒಮ್ಮೆ ಬರೆದು ಪುಸ್ತಕದ ನಮೂದುಗಳನ್ನು ಅದಕ್ಕೆ ಜೋಡಿಸಿದರೆ, ಓದುಗ ಯಾವ ಹೆಸರಿನಿಂದ ಹುಡುಕಿದರೂ ಒಂದೇ ಕಡೆಗೆ ಬಂದು ಸೇರುವಂತೆ ಮಾಡಬಹುದು. ನೂರು ಲೇಖಕರಿಗೆ ಇಷ್ಟು ಮಾಡಿದರೆ ನಿಮ್ಮ ವಿದ್ಯಾರ್ಥಿಗಳು ಕೇಳುವ ಪುಸ್ತಕಗಳ ಬಹುಪಾಲು ಮುಗಿದಂತೆ. ಸರ್ವರ್ ನೋಡಿಕೊಳ್ಳುವವರಿಗೆ ಇನ್ನೊಂದು ಮಾತು ಕೇಳಿ: ಹುಡುಕು ಘಟಕವಾದ ಜೀಬ್ರಾದಲ್ಲಿ ಐಸಿಯು ಎಂಬ ಆಯ್ಕೆಯನ್ನು ಹಾಕಿದ್ದಾರೆಯೇ? ಅದಿಲ್ಲದಿದ್ದರೆ ಭಾರತೀಯ ಲಿಪಿಗಳ ಪದಗಳನ್ನು ಅದು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ.

ಇಂಗ್ಲಿಷ್ ಪುಸ್ತಕದ ನಮೂದನ್ನು ಬೇರೆ ಗ್ರಂಥಾಲಯದಿಂದ ಒಂದು ಕ್ಲಿಕ್ಕಿನಲ್ಲಿ ಎಳೆದುಕೊಳ್ಳಬಹುದಲ್ಲ, ಕನ್ನಡಕ್ಕೆ ಏಕಾಗದು ಎಂದು ನೀವು ಕೇಳಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು ಕನ್ನಡ ಪುಸ್ತಕಗಳನ್ನೂ ಕೊಂಡು, ಶ್ರದ್ಧೆಯಿಂದ ನಮೂದಿಸುತ್ತ ಬಂದಿದೆ. ಆದರೆ ಆ ನಮೂದುಗಳು ಹೆಚ್ಚಾಗಿ ರೋಮನ್ ಲಿಪಿಯಲ್ಲಿ, ಅಕ್ಷರಗಳ ಮೇಲೆ ಕೆಳಗೆ ಚುಕ್ಕಿ ಗೀಟುಗಳೊಡನೆ ಇರುತ್ತವೆ. ವಾಷಿಂಗ್ಟನ್ನಿನಲ್ಲಿ ಅಚ್ಚುಕಟ್ಟಾಗಿ ಸಿಗುವ ಕನ್ನಡ ಪುಸ್ತಕ ನಮ್ಮ ಜಿಲ್ಲೆಯ ಕಾಲೇಜಿನಲ್ಲಿ ಸಿಗುವುದಿಲ್ಲ ಎಂಬುದು ನನಗೆ ಇಂದಿಗೂ ಮುಜುಗರದ ಸಂಗತಿ.

ಗುತ್ತಿಗೆದಾರರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ತೊಂಬತ್ತರ ದಶಕದಲ್ಲಿ ನಾನಿದ್ದ ಗ್ರಂಥಾಲಯವೊಂದರಲ್ಲಿ ಸಣ್ಣ ಸಂಸ್ಥೆಯೊಂದರ ತಂತ್ರಾಂಶವನ್ನು ಕೊಂಡು, ನಾಲ್ಕು ವರ್ಷ ಕೂತು ನಮೂದಿಸಿದೆವು. ಸಂಸ್ಥೆ ಮುಚ್ಚಿಹೋಯಿತು. ದತ್ತಾಂಶವನ್ನು ಹೊರತೆಗೆಯುವ ದಾರಿಯೇ ಅದರಲ್ಲಿರಲಿಲ್ಲ. ಕೊನೆಗೆ ಎಲ್ಲವನ್ನೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಮುದ್ರಿಸಿ, ಆ ಕಾಗದದ ಸುರುಳಿಗಳನ್ನು ನೋಡಿಕೊಂಡು ಎರಡು ಬೇಸಿಗೆ ರಜೆಗಳಲ್ಲಿ ಮತ್ತೆ ಟೈಪ್ ಮಾಡಿದೆವು. ಖರೀದಿಯ ಕಡತಕ್ಕೆ ಸಹಿ ಹಾಕಿದ್ದವನು ನಾನೇ. ಅಂದಿನಿಂದ ಯಾವ ಒಪ್ಪಂದದಲ್ಲೂ ‘ಎಲ್ಲ ನಮೂದುಗಳನ್ನು ಮಾರ್ಕ್ 21 ರೂಪದಲ್ಲಿ, ಯುನಿಕೋಡ್‌ನಲ್ಲಿ, ಕೇಳಿದಾಗ ಕೊಡತಕ್ಕದ್ದು’ ಎಂಬ ಸಾಲನ್ನು ಸೇರಿಸದೆ ಸಹಿ ಹಾಕಿಲ್ಲ. ಮಾರ್ಕ್ 21 ಎಂದರೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಮೂದುಗಳನ್ನು ಸಾಗಿಸಲು ಗ್ರಂಥಾಲಯಗಳು ಬಳಸುವ ಸಾಮಾನ್ಯ ರೂಪ.

ಪ್ರಶ್ನೆ: ‘ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ, ಗ್ರಂಥಾಲಯಕ್ಕೆ ಬರುವವರೂ ಕಡಿಮೆಯಾಗಿದ್ದಾರೆ, ಓದುವ ಕೋಣೆಯನ್ನು ಕಂಪ್ಯೂಟರ್ ಲ್ಯಾಬ್ ಮಾಡೋಣ’ ಎಂದು ಆಡಳಿತ ಮಂಡಳಿಯವರು ಹೇಳುತ್ತಿದ್ದಾರೆ. ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿದ ನನಗೆ ಏನು ಉತ್ತರ ಕೊಡಬೇಕೋ ತೋಚುತ್ತಿಲ್ಲ.
– ಗ್ರಂಥಪಾಲಕರು, ಶಿವಮೊಗ್ಗ

ಉತ್ತರ: ನೀವು ಸೇವೆಗೆ ಸೇರಿದಾಗ ಬೆಳಗಿನ ಕೆಲಸವೆಂದರೆ ಏನಿತ್ತು ಎಂದು ನೆನಪಿಸಿಕೊಳ್ಳಿ. ಓದುಗರ ಟಿಕೆಟ್ಟಿನ ಲಕೋಟೆಯೊಳಗೆ ಪುಸ್ತಕದ ಕಾರ್ಡನ್ನು ಸಿಕ್ಕಿಸಿ ತಾರೀಖಿನ ಪ್ರಕಾರ ಜೋಡಿಸುವ ಬ್ರೌನ್ ಪದ್ಧತಿ, ದಿನಾಂಕದ ಮೊಹರು, ದಂಡದ ರಸೀತಿ. ಆ ಕೆಲಸವನ್ನು ಬಾರ್‌ಕೋಡ್ ತೆಗೆದುಕೊಂಡಿತು, ತೆಗೆದುಕೊಂಡದ್ದು ಒಳ್ಳೆಯದೇ ಆಯಿತು. ಅದರ ಜಾಗಕ್ಕೆ ಬಂದಿರುವುದು ಮಹಾಪ್ರಬಂಧಗಳು ಬೇರೆ ಬರಹಗಳನ್ನು ಎಷ್ಟು ಹೋಲುತ್ತವೆ ಎಂದು ತೋರಿಸುವ ಸಾಮ್ಯತಾ ವರದಿ, ಪ್ರಬಂಧಗಳ ರಾಷ್ಟ್ರೀಯ ಸಂಗ್ರಹವಾದ ಶೋಧಗಂಗಾಕ್ಕೆ ಪ್ರಬಂಧ ಏರಿಸುವುದು, ಅಧ್ಯಾಪಕರಿಗೆ ಸಂಶೋಧಕರ ಗುರುತಾದ ಆರ್ಕಿಡ್ ಸಂಖ್ಯೆ ಮಾಡಿಸಿಕೊಟ್ಟು ಅವರ ಪ್ರಕಟಣೆಗಳ ಪಟ್ಟಿಯನ್ನು ಸರಿಯಿಡುವುದು, ಹಾಸ್ಟೆಲಿನಿಂದ ಇ-ಪತ್ರಿಕೆ ತೆರೆಯದ ವಿದ್ಯಾರ್ಥಿಗೆ ಲಾಗಿನ್ ಸರಿಪಡಿಸುವುದು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವ ತಿಂಗಳು ಐದು ವರ್ಷಗಳ ಅಂಕಿಅಂಶ ಒಟ್ಟುಮಾಡುವುದು. ಹಳೆಯ ಕೆಲಸ ಕೌಂಟರಿನ ಮುಂದೆ ಎಲ್ಲರ ಕಣ್ಣಿಗೆ ಬೀಳುವಂತೆ ನಡೆಯುತ್ತಿತ್ತು. ಹೊಸದು ಪರದೆಯ ಹಿಂದೆ ನಡೆಯುತ್ತದೆ. ಆಡಳಿತ ಮಂಡಳಿಯವರು ಕೌಂಟರಿನ ಮುಂದಿನ ಸಾಲನ್ನು ಎಣಿಸಿ ತೀರ್ಮಾನಕ್ಕೆ ಬಂದಿದ್ದಾರೆ, ಅಷ್ಟೆ.

ಆದ್ದರಿಂದ ಅವರಿಗೆ ಎಣಿಕೆಯಿಂದಲೇ ಉತ್ತರ ಕೊಡಿ. ನ್ಯಾಕ್‌ನ ಕಾಲೇಜು ಕೈಪಿಡಿಯಲ್ಲಿ 4.2ನೆಯ ಅಂಶ ಗ್ರಂಥಾಲಯಕ್ಕೆ ಮೀಸಲಾಗಿದ್ದು, ಅಲ್ಲಿ ಒಳಗೆ ಬಂದವರ ಸಂಖ್ಯೆಯ ಜೊತೆಗೆ ಆನ್‌ಲೈನ್ ಬಳಕೆಯ ಲಾಗಿನ್ ದತ್ತಾಂಶವನ್ನೂ ಕೇಳಲಾಗಿದೆ. ಎರಡನ್ನೂ ಕೂಡಿಸಿ ಮುಂದಿಡಿ. ಅದಕ್ಕಿಂತ ಮುಖ್ಯವಾಗಿ, ಒಂದು ತಿಂಗಳು ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು, ನಿಮ್ಮ ಬಳಿ ಬಂದ ಪ್ರತಿಯೊಂದು ಪ್ರಶ್ನೆಯನ್ನೂ, ಅದಕ್ಕೆ ಹಿಡಿದ ನಿಮಿಷಗಳನ್ನೂ ಬರೆದಿಡಿ. ಪ್ರತಿ ವರ್ಷ ಗ್ರಂಥಪಾಲಕರ ದಿನವಾದ ಆಗಸ್ಟ್ 12ರಂದು, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಡಾ. ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಓದುತ್ತೇವೆ. ಸಭೆಯಲ್ಲಿ ಕೂತ ಆಡಳಿತದವರು ಗೌರವದಿಂದ ಕೇಳುತ್ತಾರೆ, ಮರುದಿನ ಮರೆಯುತ್ತಾರೆ. ನೋಟ್‌ಬುಕ್ಕಿನ ನಾಲ್ಕು ಪುಟಗಳನ್ನು ಹಾಗೆ ಮರೆಯುವುದು ಕಷ್ಟ. ಲ್ಯಾಬಿನ ವಿಷಯ ಬೇರೆ: ಓದುವ ಕೋಣೆಯ ಒಂದು ಪಕ್ಕದಲ್ಲಿ ಹತ್ತು ಕಂಪ್ಯೂಟರ್ ಬಂದರೆ ಅದನ್ನು ವಿರೋಧಿಸಬೇಡಿ, ಅವುಗಳ ಉಸ್ತುವಾರಿ ನಿಮ್ಮದಾಗಿರಲಿ ಎಂದು ಕೇಳಿ.

ಪ್ರಶ್ನೆ: 26,000 ಪುಸ್ತಕಗಳಿರುವ ನಮ್ಮಲ್ಲಿ ಮೂರು ವರ್ಷಗಳ ಬಳಿಕ ಸ್ಟಾಕ್ ವೆರಿಫಿಕೇಷನ್ ಮಾಡಿದಾಗ 61 ಪುಸ್ತಕ ಕಡಿಮೆ ಬಂದವು. ಅದರ ಬೆಲೆಯನ್ನು ನನ್ನ ಸಂಬಳದಿಂದ ಮುರಿದುಕೊಳ್ಳುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಇರುವುದು ನಾನು ಮತ್ತು ಒಬ್ಬ ಅಟೆಂಡರ್. ರೇಡಿಯೊ ಅಲೆಯಿಂದ ಪುಸ್ತಕಗಳನ್ನು ಗುರುತಿಸುವ ಆರ್‌ಎಫ್‌ಐಡಿ ಹಾಕಿಸಿದರೆ ಈ ಕಾಟ ತಪ್ಪುತ್ತದೆಯೇ?
– ಗ್ರಂಥಪಾಲಕಿ, ತುಮಕೂರು ಜಿಲ್ಲೆ

ಉತ್ತರ: ಈ ಭಯದಿಂದಲೇ ಎಷ್ಟೋ ಗ್ರಂಥಪಾಲಕರು ಕಪಾಟುಗಳಿಗೆ ಬೀಗ ಹಾಕಿ ಕೂರುತ್ತಾರೆ, ಆಮೇಲೆ ಮಕ್ಕಳು ಓದುವುದಿಲ್ಲ ಎಂದು ದೂರುತ್ತಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯ ನಿಯಮವನ್ನು ಓದಿ. ಅದರಂತೆ 20,000 ಸಂಪುಟಗಳವರೆಗಿನ ಗ್ರಂಥಾಲಯದಲ್ಲಿ ಪ್ರತಿ ವರ್ಷ, 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ ಪೂರ್ತಿ ಎಣಿಕೆ ನಡೆಯಬೇಕು. ಅದಕ್ಕೂ ದೊಡ್ಡದಾದರೆ ಮಾದರಿ ಎಣಿಕೆ ಸಾಕು. ಒಂದು ವರ್ಷದಲ್ಲಿ ಎರವಲು ಹೋದ ಅಥವಾ ಒಳಗೇ ನೋಡಲಾದ ಪ್ರತಿ ಸಾವಿರ ಸಂಪುಟಗಳಿಗೆ ಐದು ನಷ್ಟವಾದರೆ, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಕಾರಣವಾಗಿರದಿದ್ದಲ್ಲಿ, ಅದನ್ನು ಸಹಜವೆಂದು ಪರಿಗಣಿಸಬಹುದು ಎಂದೂ ಆ ನಿಯಮ ಹೇಳುತ್ತದೆ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಬೆಲೆ ಎಷ್ಟೇ ಇದ್ದರೂ ಅಪರೂಪದ ಪುಸ್ತಕ ಕಳೆದರೆ ತಪ್ಪದೆ ವಿಚಾರಣೆ ನಡೆಸಿ ಕ್ರಮ ಕೈಗೊಳ್ಳಬೇಕಾಗುತ್ತದೆ.

ನಿಮ್ಮಲ್ಲಿ ವರ್ಷಕ್ಕೆ 14,000 ಸಂಪುಟಗಳು ಓಡಾಡಿವೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಸಾವಿರಕ್ಕೆ ಐದರಂತೆ ಒಂದು ವರ್ಷಕ್ಕೇ 70 ಆಗುತ್ತದೆ. ನೀವು ಕಳೆದುಕೊಂಡದ್ದು ಮೂರು ವರ್ಷಕ್ಕೆ 61. ಈ ನಿಯಮ ನೇರವಾಗಿ ಅನ್ವಯಿಸುವುದು ಕೇಂದ್ರದ ಸಂಸ್ಥೆಗಳಿಗೆ. ನಿಮ್ಮ ಕಾಲೇಜು ತನ್ನ ಇಲಾಖೆಯ ಅಥವಾ ಆಡಳಿತ ಮಂಡಳಿಯ ಆದೇಶಕ್ಕೆ ಬದ್ಧ. ಹಾಗಿದ್ದರೂ ಈ ಲೆಕ್ಕವನ್ನು ಬರಹದಲ್ಲಿ ಕೊಟ್ಟು, ಗ್ರಂಥಾಲಯ ಸಮಿತಿಯ ಮುಂದೆ ಇಟ್ಟು, ನಷ್ಟವನ್ನು ಲೆಕ್ಕದಿಂದ ಕೈಬಿಡುವ ನಿರ್ಣಯ ಮಾಡಿಸಿಕೊಳ್ಳಿ. ಬಾಯಿಮಾತಿನ ಬೆದರಿಕೆಗೆ ಬಾಯಿಮಾತಿನಲ್ಲಿ ಉತ್ತರ ಕೊಡಬೇಡಿ.

ಆರ್‌ಎಫ್‌ಐಡಿ ಕಳ್ಳರನ್ನು ಹಿಡಿಯುತ್ತದೆ ಎಂದು ನಂಬಿ ದುಡ್ಡು ಸುರಿಯಬೇಡಿ. 13.56 ಮೆಗಾಹರ್ಟ್ಸ್‌ನ ಆ ತೆಳುವಾದ ಚೀಟಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದರೆ ಬಾಗಿಲ ಬಳಿಯ ಗೇಟು ಸುಮ್ಮನಿರುತ್ತದೆ, ಮತ್ತು ಈ ಗುಟ್ಟು ವಿದ್ಯಾರ್ಥಿಗಳಿಗೆ ನಮಗಿಂತ ಮೊದಲೇ ಗೊತ್ತು. ಅದರ ನಿಜವಾದ ಉಪಯೋಗ ಎಣಿಕೆಯಲ್ಲಿದೆ: ಕೈಯಲ್ಲಿ ಹಿಡಿಯುವ ರೀಡರನ್ನು ಸಾಲಿನ ಮುಂದೆ ಆಡಿಸಿದರೆ, ಪುಸ್ತಕ ತೆಗೆಯದೆಯೇ ಸಂಖ್ಯೆಗಳು ದಾಖಲಾಗುತ್ತವೆ, ತಪ್ಪು ಜಾಗದಲ್ಲಿ ಕೂತ ಪುಸ್ತಕವೂ ಸಿಕ್ಕಿಬೀಳುತ್ತದೆ. ಕಬ್ಬಿಣದ ಕಪಾಟಿನ ಅಂಚಿಗೆ ತಾಗಿ ನಿಂತ ಪುಸ್ತಕಗಳು ಓದಿಗೆ ಸಿಗದೆ ತಪ್ಪಿಸಿಕೊಳ್ಳುವುದೂ ಉಂಟು. 26,000 ಪುಸ್ತಕಕ್ಕೆ ಬಾರ್‌ಕೋಡ್ ಸ್ಕ್ಯಾನರ್ ಮತ್ತು ಬೇಸಿಗೆಯಲ್ಲಿ ನಾಲ್ವರು ಸಹಾಯಕರು ಸಾಕೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ಪಿಎಚ್.ಡಿ. ಪ್ರಬಂಧದ ಸಾಮ್ಯತಾ ವರದಿಯಲ್ಲಿ ಶೇ. 34 ಬಂದಿದೆ. ‘ಲೈಬ್ರರಿಯವರನ್ನು ಕೇಳಿ, ಕಡಿಮೆ ಮಾಡಿಕೊಡುತ್ತಾರೆ’ ಎಂದು ಮಾರ್ಗದರ್ಶಕರು ಹೇಳಿದರು. ಗ್ರಂಥಪಾಲಕರು ಒಪ್ಪಲಿಲ್ಲ. ಕನ್ನಡದಲ್ಲಿ ಬರೆದ ನನ್ನ ಸ್ನೇಹಿತನಿಗೆ ಮಾತ್ರ ಶೇ. 0 ಬಂದಿದೆ. ಇದು ಹೇಗೆ?
– ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಗ್ರಂಥಪಾಲಕರು ಒಪ್ಪದಿದ್ದುದು ಸರಿ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಸಾಮ್ಯತೆ ಶೇ. 10ರವರೆಗಿದ್ದರೆ ದಂಡನೆಯಿಲ್ಲ, 10ಕ್ಕಿಂತ ಹೆಚ್ಚಾಗಿ 40ರವರೆಗಿದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಕೊಡಬೇಕು, 60ರವರೆಗಿದ್ದರೆ ತಿದ್ದಿದ ಪ್ರತಿಯನ್ನೂ ಒಂದು ವರ್ಷ ಕೊಡುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ತೀರ್ಮಾನ ಮಾಡುವುದು ವಿಭಾಗದ ಮತ್ತು ಸಂಸ್ಥೆಯ ಸಮಿತಿಗಳು. ಗ್ರಂಥಪಾಲಕರು ವರದಿ ತೆಗೆದುಕೊಡುವವರೇ ಹೊರತು ಅಂಕ ಕೂಡಿಸಿ ಕಳೆಯುವವರಲ್ಲ.

ಆದರೆ ವರದಿಯನ್ನು ಓದಿಕೊಡಿ ಎಂದು ಅವರನ್ನು ಕೇಳುವ ಹಕ್ಕು ನಿಮಗಿದೆ. ಆಧಾರ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನುಗಳು, ಸಾಮಾನ್ಯ ಪಾರಿಭಾಷಿಕ ಪದಗಳು, ಇವನ್ನೆಲ್ಲ ಲೆಕ್ಕದಿಂದ ಹೊರಗಿಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ; ಕಾಕತಾಳೀಯವಾಗಿ ಹೊಂದುವ, 14 ಪದಗಳವರೆಗಿನ ಸತತ ಹೋಲಿಕೆಯನ್ನೂ ಬಿಡಬಹುದು. ಇದಾದ ಮೇಲೂ ಉಳಿಯುವ ಸಾಲುಗಳನ್ನು ನೀವೇ ಕೂತು ನಿಮ್ಮ ಮಾತಿನಲ್ಲಿ ಬರೆಯಬೇಕು ಅಥವಾ ಉದ್ಧರಣ ಚಿಹ್ನೆ ಹಾಕಿ ಋಣ ಒಪ್ಪಿಕೊಳ್ಳಬೇಕು. ಪದಕ್ಕೆ ಪರ್ಯಾಯ ಪದ ಹಾಕಿ ಶೇಕಡಾವಾರು ಇಳಿಸುವ ಅಂಗಡಿಗಳು ಈಗ ಹಲವು ವಿಶ್ವವಿದ್ಯಾಲಯಗಳ ಎದುರಿನ ರಸ್ತೆಗಳಲ್ಲೂ ಇವೆ. ಅಲ್ಲಿಂದ ಹೊರಬಂದ ಗದ್ಯವನ್ನು ಮೌಲ್ಯಮಾಪಕರು ಮೊದಲ ಪುಟದಲ್ಲೇ ಗುರುತಿಸುತ್ತಾರೆ.

ನಿಮ್ಮ ಸ್ನೇಹಿತರ ಸೊನ್ನೆಯನ್ನು ನೋಡಿ ಅಸೂಯೆಪಡಬೇಡಿ. ಪ್ರಬಂಧವು ಹಳೆಯ ನುಡಿ ಫಾಂಟಿನಲ್ಲಿದ್ದರೆ, ಹಾವೇರಿಯವರಿಗೆ ಹೇಳಿದಂತೆ, ಯಂತ್ರಕ್ಕೆ ಅದು ಕನ್ನಡವಾಗಿ ಕಾಣುವುದೇ ಇಲ್ಲ. ಯುನಿಕೋಡ್‌ನಲ್ಲಿರುವ ಬರಹದೊಡನೆ ಅದನ್ನು ಹೋಲಿಸಿದರೆ ಯಾವ ಸಾಲೂ ಹೊಂದುವುದಿಲ್ಲ. ಸೊನ್ನೆ ಬರುವುದು ಹೀಗೆ, ಪ್ರಾಮಾಣಿಕವಾಗಿ ಬರೆದವರಿಗೂ ನಕಲು ಮಾಡಿದವರಿಗೂ ಸಮನಾಗಿ. ಅದೇ ಕಡತ ಶೋಧಗಂಗಾಕ್ಕೆ ಏರಿದ ಮೇಲೆ, ಅದರೊಳಗಿನ ಒಂದು ಪದವನ್ನು ಹುಡುಕಿದರೂ ಯಾರಿಗೂ ಸಿಗುವುದಿಲ್ಲ. ಕನ್ನಡ ಪ್ರಬಂಧಗಳನ್ನು ಯುನಿಕೋಡ್‌ನಲ್ಲೇ ಸ್ವೀಕರಿಸಬೇಕೆಂದು ವಿಶ್ವವಿದ್ಯಾಲಯಗಳು ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ ಸಾಕು. ಇದಕ್ಕೆ ಅನುದಾನವೇನೂ ಬೇಡ.

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಹನ್ನೊಂದು ಲೇಖನಗಳ ಪಟ್ಟಿ ತಂದು ತರಿಸಿಕೊಡಿ ಎಂದರು. ಎರಡು ದಿನ ಹುಡುಕಿದರೂ ಏಳು ಸಿಗಲಿಲ್ಲ. ಲೇಖಕರ ಹೆಸರು ನಿಜ, ಪತ್ರಿಕೆಯ ಹೆಸರೂ ನಿಜ. ‘ನಿಮ್ಮ ಲೈಬ್ರರಿಯಲ್ಲಿ ಏನೂ ಇಲ್ಲ’ ಎಂದು ಹೇಳಿ ಹೋದರು. ಎಲ್ಲಿ ತಪ್ಪಿದೆ?
– ಗ್ರಂಥಾಲಯ ಸಹಾಯಕರು, ಮಂಗಳೂರು

ಉತ್ತರ: ಆ ಏಳು ಲೇಖನಗಳು ಯಾವ ಗ್ರಂಥಾಲಯದಲ್ಲೂ ಇರಲಾರವು, ಏಕೆಂದರೆ ಅವನ್ನು ಯಾರೂ ಬರೆದಿರಲಾರರು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಇಂಥ ಪಟ್ಟಿಗಳು ಅನೇಕ ದೇಶಗಳ ಗ್ರಂಥಪಾಲಕರ ಮೇಜಿಗೂ ಬರುತ್ತಿವೆ. ಆ ಯಂತ್ರವು ಯಾವುದಾದರೂ ಕ್ಯಾಟಲಾಗನ್ನು ನೋಡಿಯೇ ಉತ್ತರಿಸುತ್ತದೆ ಎಂದೇನಿಲ್ಲ. ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಊಹಿಸಿ ಜೋಡಿಸುತ್ತದೆ, ಮತ್ತು ಆ ವಿಷಯದಲ್ಲಿ ಬರೆಯುವ ಲೇಖಕರ ಹೆಸರು, ಆ ವಿಷಯದ ಪತ್ರಿಕೆ, ನಂಬುವಂಥ ಶೀರ್ಷಿಕೆ, ಪುಟಸಂಖ್ಯೆ ಎಲ್ಲವೂ ಹೊಂದಿಕೊಂಡೇ ಬರುತ್ತವೆ. ನಿಮ್ಮ ಎರಡು ದಿನ ಹಾಳಾದದ್ದು ಹೀಗೆ.

ಮುಂದಿನ ಸಲ ಹತ್ತು ನಿಮಿಷದಲ್ಲಿ ಮುಗಿಸಿ. ಪಟ್ಟಿಯಲ್ಲಿ 10 ಎಂಬ ಅಂಕಿಯಿಂದ ಆರಂಭವಾಗುವ ಡಿಒಐ ಸಂಖ್ಯೆ, ಅಂದರೆ ಲೇಖನದ ಕಾಯಂ ಗುರುತಿನ ಸಂಖ್ಯೆ, ಇದ್ದರೆ ಅದನ್ನು ಡಿಒಐ ತಾಣದಲ್ಲಿ ಹಾಕಿ ನೋಡಿ. ಉಲ್ಲೇಖ ಸುಳ್ಳಾಗಿದ್ದರೆ ಒಂದೋ ತೆರೆಯುವುದಿಲ್ಲ, ಇಲ್ಲವೇ ಸಂಬಂಧವೇ ಇಲ್ಲದ ಇನ್ನೊಂದು ಲೇಖನ ತೆರೆಯುತ್ತದೆ. ಡಿಒಐ ಇಲ್ಲದಿದ್ದರೆ ಪತ್ರಿಕೆಯ ಆ ವರ್ಷದ ಸಂಪುಟವನ್ನು ತೆರೆದು ಪುಟಸಂಖ್ಯೆಯನ್ನು ನೋಡಿ. ವರ್ಷಕ್ಕೊಂದೇ ಸಂಪುಟ ತರುವ, 2015ರಲ್ಲಿ 40ನೆಯ ಸಂಪುಟ ಬಂದ ಪತ್ರಿಕೆಗೆ 2018ರಲ್ಲಿ 52ನೆಯ ಸಂಪುಟ ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ವಿದ್ಯಾರ್ಥಿನಿಯನ್ನು ಗದರಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಸುಳ್ಳು ಉಲ್ಲೇಖವನ್ನು ಅವರ ಕೈಯಿಂದಲೇ ಪತ್ತೆ ಮಾಡಿಸಿ. ಸಿಕ್ಕ ನಾಲ್ಕು ಲೇಖನಗಳ ಕೊನೆಯಲ್ಲಿರುವ ಗ್ರಂಥಸೂಚಿಯಿಂದ ಅವರಿಗೆ ಬೇಕಾದ ಇನ್ನೂ ಹತ್ತು ನಿಜವಾದ ಲೇಖನಗಳು ಸಿಗುತ್ತವೆ. ಮೂವತ್ತು ವರ್ಷಗಳ ಹಿಂದೆಯೂ ನಾವು ಹುಡುಕುತ್ತಿದ್ದುದು ಹೀಗೆಯೇ.

ಪ್ರಶ್ನೆ: ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಖಾಸಗಿ ಕಾಲೇಜಿಗೂ ಸಿಗುತ್ತದೆಯೇ?
– ಎಂಜಿನಿಯರಿಂಗ್ ಕಾಲೇಜು ಅಧ್ಯಾಪಕರು, ಬೆಳಗಾವಿ

ಉತ್ತರ: ಮೊದಲ ಹಂತದಲ್ಲಿ ಇಲ್ಲ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ಈ ಯೋಜನೆಗೆ 2025ರಿಂದ 2027ರವರೆಗೆ ಸುಮಾರು 6,000 ಕೋಟಿ ರೂಪಾಯಿ ಇಟ್ಟಿದ್ದಾರೆ; 30 ಪ್ರಕಾಶಕರ 13,000ದಷ್ಟು ಪತ್ರಿಕೆಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರವಾದ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಮೂಲಕ ಸಿಗುತ್ತವೆ. ನೀವು ಸದ್ಯಕ್ಕೆ ಡೆಲ್ನೆಟ್‌ನಂಥ ಗ್ರಂಥಾಲಯ ಜಾಲದ ಸದಸ್ಯತ್ವವನ್ನೂ ಮುಕ್ತ ಸಂಗ್ರಹಗಳನ್ನೂ ನೆಚ್ಚಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2002ರಲ್ಲೇ ತಮ್ಮ ಲೇಖನಗಳ ಮುಕ್ತ ಸಂಗ್ರಹ ತೆರೆದು ದೇಶಕ್ಕೆ ದಾರಿ ತೋರಿಸಿದ್ದರು; ಎಷ್ಟೋ ಲೇಖನಗಳ ಲೇಖಕರ ಪ್ರತಿ ಅಂಥ ಕಡೆ ಕಾನೂನುಬದ್ಧವಾಗಿಯೇ ಸಿಗುತ್ತದೆ.

ಒಂದು ಮಾತು ಸೇರಿಸುತ್ತೇನೆ. ಎಷ್ಟೇ ಕೋಟಿ ಸುರಿದರೂ 1919ರಲ್ಲಿ ಆರಂಭವಾದ ಪ್ರಬುದ್ಧ ಕರ್ಣಾಟಕ ಎಂಬ ಕನ್ನಡ ಪತ್ರಿಕೆಯ ಹಳೆಯ ಸಂಚಿಕೆಗಳ ಲೇಖನಸೂಚಿಯನ್ನು ವಿದೇಶದ ಯಾವ ಪ್ರಕಾಶಕರೂ ಮಾಡಿ ಮಾರುವುದಿಲ್ಲ. ಅದು ನಮ್ಮ ಗ್ರಂಥಾಲಯಗಳೇ ಕೂತು ಮಾಡಬೇಕಾದ ಕೆಲಸ.

ಪ್ರಶ್ನೆ: ಮಗಳು ಗ್ರಂಥಾಲಯ ವಿಜ್ಞಾನದ ಎಂ.ಎಲ್.ಐ.ಎಸ್ಸಿ. ಓದಬೇಕೆನ್ನುತ್ತಿದ್ದಾಳೆ. ಭವಿಷ್ಯವಿದೆಯೇ?
– ತಂದೆಯೊಬ್ಬರು, ಚಿತ್ರದುರ್ಗ

ಉತ್ತರ: ಓದಲಿ. ಕಾಲೇಜು ಗ್ರಂಥಪಾಲಕ ಹುದ್ದೆಗೆ ಸಾಮಾನ್ಯವಾಗಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿಯೂ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯೂ ಬೇಕು. ಕಾಯಂ ನೇಮಕಾತಿ ಅಪರೂಪ, ಖಾಸಗಿಯಲ್ಲಿ ಸಂಬಳ ಕಡಿಮೆ ಎಂಬುದನ್ನು ಮುಚ್ಚಿಡುವುದಿಲ್ಲ. ಪದವಿಯ ಜೊತೆಗೆ ಲಿನಕ್ಸ್‌ನಲ್ಲಿ ಕೋಹಾವನ್ನೂ ಡಿಜಿಟಲ್ ಸಂಗ್ರಹದ ತಂತ್ರಾಂಶವಾದ ಡಿಸ್ಪೇಸನ್ನೂ ಸ್ಥಾಪಿಸುವುದನ್ನು ಕಲಿತರೆ, ಕನ್ನಡವನ್ನು ತಪ್ಪಿಲ್ಲದೆ ಯುನಿಕೋಡ್‌ನಲ್ಲಿ ನಮೂದಿಸಬಲ್ಲವಳಾದರೆ, ಕೆಲಸಕ್ಕಾಗಿ ಬಹಳ ಅಲೆಯಬೇಕಾಗಲಾರದು.

ಪ್ರಶ್ನೆ: ಕ್ಯಾಟಲಾಗ್ ಕಾರ್ಡುಗಳ 60 ಖಾನೆಯ ಮರದ ಬೀರು ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ರದ್ದಿಗೆ ಹಾಕಬಹುದೇ?
– ಗ್ರಂಥಪಾಲಕರು, ಮಂಡ್ಯ

ಉತ್ತರ: ಹಾಕುವ ಮೊದಲು 894.814 ಎಂಬ ಡ್ಯೂಯಿ ಸಂಖ್ಯೆಯ, ಅಂದರೆ ಕನ್ನಡ ಸಾಹಿತ್ಯದ, ಖಾನೆಯನ್ನು ಎಳೆದು ಐವತ್ತು ಕಾರ್ಡುಗಳನ್ನು ತಿರುವಿ ನೋಡಿ. ಕೆಳಗಿನ ತೂತಿನಲ್ಲಿ ಕಬ್ಬಿಣದ ಸರಳು ಪೋಣಿಸಿರುವುದರಿಂದ ಅವು ಇಟ್ಟ ಕ್ರಮದಲ್ಲೇ ಇರುತ್ತವೆ. ಟೈಪ್ ಮಾಡಿದ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ‘ಎರಡನೆಯ ಪ್ರತಿಯಲ್ಲಿ 33ರಿಂದ 48 ಪುಟ ಇಲ್ಲ’, ‘ಇಂಥವರ ದತ್ತಿ’, ‘ಕಾವ್ಯನಾಮ, ನಿಜ ಹೆಸರಿಗೆ ಆ ಕಾರ್ಡು ನೋಡಿ’ ಎಂಬ ಟಿಪ್ಪಣಿಗಳು ಕಂಡರೆ, ಅವು ನಿಮ್ಮ ಕಂಪ್ಯೂಟರಿಗೆ ಏರಿವೆಯೇ ಎಂದು ಪರೀಕ್ಷಿಸಿ. ಏರಿಲ್ಲದಿದ್ದರೆ, ನನ್ನ ಅನುಭವದಲ್ಲಿ ಏರಿರುವುದಿಲ್ಲ, ರಜೆಯಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ ಪ್ರತಿ ಕಾರ್ಡಿನ ಎರಡೂ ಮಗ್ಗುಲಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆಸಿಡಿ. ಆ ಮೇಲೆ ಕಾರ್ಡುಗಳನ್ನು ಕಾಗದದ ಲೆಕ್ಕಕ್ಕೆ ಹಾಕಿ.

ಬೀರುವನ್ನು ಮಾತ್ರ ಬಿಟ್ಟುಕೊಡಬೇಡಿ. ನಮ್ಮಲ್ಲಿ ಸಸ್ಯಶಾಸ್ತ್ರ ವಿಭಾಗದವರು ಬೀಜಗಳ ಮಾದರಿ ಇಡುವುದಕ್ಕೆಂದು ಕೇಳಿ ಕೊಂಡೊಯ್ದರು. ಖಾನೆಗಳ ಹಿತ್ತಾಳೆ ಚೌಕಟ್ಟಿನಲ್ಲಿ ‘ಪಂ – ಪು’ ಎಂಬ ಹಳೆಯ ಚೀಟಿ ಇನ್ನೂ ಹಾಗೆಯೇ ಇದೆ. ಒಳಗೆ ಈಗ ಹೊಂಗೆ ಬೀಜ.